ಅಂಚೆ ಯಾರದ್ದಾದರೂ ಇರಲಿ, ವಿಳಾಸ ನಮ್ಮದಾಗಿರಲಿ

2025ರ ಅಕ್ಟೋಬರ್‌ನಲ್ಲಿ ಇ–ಮೇಲ್‌ಗೆ ಸಂಬಂಧಿಸಿದ ಎರಡು ಸುದ್ದಿಗಳು ಹೆಚ್ಚುಕಡಿಮೆ ಒಟ್ಟೊಟ್ಟಿಗೆ ಪತ್ರಿಕೆಗಳಲ್ಲಿ ಬಂದವು. ಕೇಂದ್ರ ಗೃಹ ಸಚಿವ ಅಮಿತ್ ಶಾ ತಾವು ಜೊಹೊ ಮೇಲ್‌ಗೆ ಬದಲಾಗಿರುವುದಾಗಿ ಪ್ರಕಟಿಸಿ, ಇನ್ನು ಮುಂದೆ ಪತ್ರ ವ್ಯವಹಾರಕ್ಕೆ ಹೊಸ ವಿಳಾಸವನ್ನು ಬಳಸುವಂತೆ ಸಾರ್ವಜನಿಕರನ್ನು ಕೋರಿದರು. ಅದೇ ದಿನಗಳಲ್ಲಿ, ಪ್ರಧಾನಿ ಕಚೇರಿಯೂ ಸೇರಿದಂತೆ ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಇ–ಮೇಲ್ ಖಾತೆಗಳು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ (ಎನ್‌ಐಸಿ) ವ್ಯವಸ್ಥೆಯಿಂದ ಅದೇ ಜೊಹೊ ಕಂಪನಿ ನಡೆಸುವ ವೇದಿಕೆಗೆ ಸ್ಥಳಾಂತರವಾಗಿವೆ ಎಂಬ ವರದಿಯೂ ಬಂತು. ಈ 12 ಲಕ್ಷ ಮಂದಿ ಯಾರಿಗೂ ಹೊಸ ವಿಳಾಸ ತಿಳಿಸಬೇಕಾಗಿ ಬರಲಿಲ್ಲ. ‘ಗವ್ ಡಾಟ್ ಇನ್’, ‘ಎನ್‌ಐಸಿ ಡಾಟ್ ಇನ್’ ಎಂದು ಕೊನೆಗೊಳ್ಳುವ ಅವರ ವಿಳಾಸಗಳು ಹಾಗೆಯೇ ಉಳಿದವು. ಅವರಿಗೆ ಪತ್ರ ಬರೆಯುವವರಿಗೆ ಹಿಂದಿನ ಸರ್ವರ್ ಬದಲಾದದ್ದು ಗೊತ್ತಾಗುವ ಕಾರಣವೇ ಇರಲಿಲ್ಲ.

ಎರಡೂ ಕಡೆ ನಡೆದ ಕೆಲಸ ಒಂದೇ, ಒಂದು ಸೇವೆಯನ್ನು ಬಿಟ್ಟು ಇನ್ನೊಂದನ್ನು ಹಿಡಿದದ್ದು. ಒಂದು ಕಡೆ ಹೊಸ ವಿಳಾಸವನ್ನು ದೇಶಕ್ಕೆಲ್ಲ ಸಾರಬೇಕಾಯಿತು, ಇನ್ನೊಂದು ಕಡೆ ಸಾರುವ ಅಗತ್ಯವೇ ಬೀಳಲಿಲ್ಲ. ಈ ವ್ಯತ್ಯಾಸಕ್ಕೆ ಕಾರಣ ‘@’ ಚಿಹ್ನೆಯ ಬಲಕ್ಕೆ ಇರುವ ಹೆಸರು (ಡೊಮೈನ್) ಯಾರದ್ದು ಎಂಬುದು. ಆ ಹೆಸರು ಸೇವೆ ಕೊಡುವ ಕಂಪನಿಯದ್ದಾಗಿದ್ದರೆ, ಕಂಪನಿಯನ್ನು ಬಿಟ್ಟ ದಿನ ವಿಳಾಸವನ್ನೂ ಬಿಡಬೇಕು. ಬಳಸುವವರದ್ದೇ ಆಗಿದ್ದರೆ ಕಂಪನಿ ಬದಲಾಗಬಹುದು, ವಿಳಾಸ ಉಳಿಯುತ್ತದೆ. ಸರ್ಕಾರ ತನಗಾಗಿ ಮಾಡಿಕೊಂಡಿರುವ ಈ ಏರ್ಪಾಡು ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಾಮಾನ್ಯರಿಗೂ ಸಿಗುತ್ತದೆ. ಇ–ಮೇಲ್ ವಿಳಾಸದ ಮೇಲೆ ತನ್ನ ದುಡಿಮೆ, ಹಣಕಾಸು ಅಥವಾ ಸಂಸ್ಥೆಯ ವ್ಯವಹಾರವನ್ನು ನಿಲ್ಲಿಸಿಕೊಂಡಿರುವ ಪ್ರತಿಯೊಬ್ಬರೂ ಸ್ವಂತ ಡೊಮೈನ್ ಹೆಸರೊಂದನ್ನು ನೋಂದಾಯಿಸಿಕೊಳ್ಳಬೇಕು ಎಂಬುದು ಈ ಲೇಖನದ ವಾದ.

ಫೋನ್ ಸಂಖ್ಯೆಗೆ ಸಿಕ್ಕ ಹಕ್ಕು

ಮೊಬೈಲ್ ಫೋನ್ ವಿಷಯದಲ್ಲಿ ಈ ಪ್ರಶ್ನೆಯನ್ನು ನಮ್ಮ ದೇಶ ಎಂದೋ ಬಗೆಹರಿಸಿಕೊಂಡಿದೆ. ಸಂಖ್ಯೆ ಬದಲಿಸದೆ ಕಂಪನಿ ಬದಲಿಸುವ ಸೌಲಭ್ಯ 2010ರ ನವೆಂಬರ್‌ನಲ್ಲಿ ಹರಿಯಾಣದಲ್ಲಿ ಆರಂಭವಾಗಿ, 2011ರ ಜನವರಿ 20ರಂದು ದೇಶಕ್ಕೆಲ್ಲ ವಿಸ್ತರಿಸಿತು. 2015ರ ಜುಲೈನಿಂದ ಒಂದು ರಾಜ್ಯದ ಸಂಖ್ಯೆಯನ್ನು ಇನ್ನೊಂದು ರಾಜ್ಯಕ್ಕೂ ಒಯ್ಯಬಹುದಾಯಿತು. ಅದಕ್ಕೆ ಮೊದಲು ನೆಟ್‌ವರ್ಕ್ ಸಿಗಲಿ ಬಿಡಲಿ, ದರ ಏರಲಿ ಇಳಿಯಲಿ, ಸಂಖ್ಯೆ ಕಳೆದುಕೊಳ್ಳುವ ಭಯಕ್ಕೆ ಜನ ಅದೇ ಕಂಪನಿಗೆ ಅಂಟಿಕೊಂಡಿರುತ್ತಿದ್ದರು. ಸಂಖ್ಯೆ ಗ್ರಾಹಕನ ಜೊತೆ ಹೋಗಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ನಿಯಮ ಮಾಡಿದ ಮೇಲೆ ಆ ಭಯ ಹೋಯಿತು. ಇ–ಮೇಲ್‌ಗೆ ಅಂಥ ನಿಯಮ ಇಲ್ಲ. ಜಿಮೇಲ್ ವಿಳಾಸವನ್ನು ಔಟ್‌ಲುಕ್‌ಗೆ ಒಯ್ಯುವಂತಿಲ್ಲ, ಯಾಹೂ ವಿಳಾಸವನ್ನು ಜೊಹೊಗೆ ತರುವಂತಿಲ್ಲ. ಕಾನೂನು ಕೊಡದ ಈ ಹಕ್ಕನ್ನು ಇ–ಮೇಲ್ ಬಳಕೆದಾರ ತಾನಾಗಿ ಪಡೆದುಕೊಳ್ಳಲು ಇರುವ ದಾರಿ ಸ್ವಂತ ಡೊಮೈನ್ ಒಂದೇ.

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ್ ಸಂಚಾರ್ ನಿಗಮದ (ವಿಎಸ್‌ಎನ್‌ಎಲ್) ಮೂಲಕ. ಸಂಪರ್ಕದ ಜೊತೆಗೇ ಇ–ಮೇಲ್ ವಿಳಾಸವೂ ಸಿಗುತ್ತಿತ್ತು. ವಿಸಿಟಿಂಗ್ ಕಾರ್ಡು, ಲೆಟರ್‌ಹೆಡ್ಡುಗಳ ಮೇಲೆ ವಿಎಸ್‌ಎನ್‌ಎಲ್ ಹೆಸರಿನ ವಿಳಾಸ ಅಚ್ಚಾಗಿರುವುದು ಆಗ ಹೆಮ್ಮೆಯ ವಿಷಯವಾಗಿತ್ತು. ಆ ಕಂಪನಿ 2002ರಲ್ಲಿ ಟಾಟಾ ಸಮೂಹದ ಕೈಸೇರಿ, 2008ರಲ್ಲಿ ಹೆಸರನ್ನೇ ಬದಲಿಸಿಕೊಂಡಿತು. ಸಂಪರ್ಕ ಕೊಡುವವರನ್ನೇ ನೆಚ್ಚಿಕೊಳ್ಳುವ ತೊಡಕಿಗೆ ಪರಿಹಾರವಾಗಿ ಬಂದದ್ದು ಬ್ರೌಸರ್‌ನಲ್ಲಿ ತೆರೆಯುವ ಉಚಿತ ಇ–ಮೇಲ್. ಬೆಂಗಳೂರಿನಲ್ಲಿ ಶಾಲೆ ಓದಿ ಬೆಳೆದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಜೊತೆ ಸೇರಿ 1996ರ ಜುಲೈ 4ರಂದು ಹಾಟ್‌ಮೇಲ್ ಆರಂಭಿಸಿದರು. ಯಾವ ಊರಿನಲ್ಲಿ, ಯಾರ ಕಂಪ್ಯೂಟರಿನಲ್ಲಿ ಕುಳಿತರೂ ಅಂಚೆ ನೋಡಬಹುದು ಎಂಬುದು ನಿಜಕ್ಕೂ ಬಿಡುಗಡೆಯ ಅನುಭವ ಕೊಟ್ಟಿತು. ಮುಂದಿನ ವರ್ಷದ ಕೊನೆಗೆ ಮೈಕ್ರೊಸಾಫ್ಟ್ ಅದನ್ನು ಸುಮಾರು 40 ಕೋಟಿ ಡಾಲರ್ ಕೊಟ್ಟು ಕೊಂಡಿತು.

2004ರ ಏಪ್ರಿಲ್ 1ರಂದು ಜಿಮೇಲ್ ಬಂದಾಗ ಹಾಟ್‌ಮೇಲ್ ಕೊಡುತ್ತಿದ್ದ ಜಾಗ 2 ಎಂಬಿ, ಯಾಹೂ ಕೊಡುತ್ತಿದ್ದದ್ದು 4 ಎಂಬಿ. ಜಿಮೇಲ್ ಒಂದೇ ಏಟಿಗೆ 1 ಜಿಬಿ ಕೊಟ್ಟಿತು. ಹಳೆಯ ಪತ್ರಗಳನ್ನು ಅಳಿಸುವ ಗೊಡವೆ ತಪ್ಪಿತು, ಹುಡುಕಾಟ ಸುಲಭವಾಯಿತು, ಸ್ಪ್ಯಾಮ್ ಕಾಟ ತಗ್ಗಿತು. ಜನ ಅತ್ತ ವಾಲಿದ್ದು ಸಹಜವೇ ಆಗಿತ್ತು. ಆದರೆ ಪ್ರತಿ ಬಾರಿ ಹೀಗೆ ವಾಲಿದಾಗಲೂ ವಿಳಾಸ ಬದಲಾಯಿತು. ವಿಎಸ್‌ಎನ್‌ಎಲ್‌ನಿಂದ ಹಾಟ್‌ಮೇಲ್‌ಗೆ, ಅಲ್ಲಿಂದ ಯಾಹೂ ಅಥವಾ ರೀಡಿಫ್‌ಗೆ, ಮತ್ತೆ ಜಿಮೇಲ್‌ಗೆ ಬಂದ ಒಂದು ತಲೆಮಾರು ಪ್ರತಿ ಸಲವೂ ತನ್ನ ಸಂಪರ್ಕಗಳಲ್ಲಿ ಒಂದಷ್ಟನ್ನು ಹಿಂದೆ ಬಿಟ್ಟು ಬಂದಿದೆ. ಟೈಮ್ಸ್ ಸಮೂಹದ ಇಂಡಿಯಾಟೈಮ್ಸ್ ತನ್ನ ಇ–ಮೇಲ್ ಸೇವೆಯನ್ನು 2013ರಲ್ಲಿ ಮುಚ್ಚಿದಾಗ ಅದರ ಬಳಕೆದಾರರಿಗೆ ಆಯ್ಕೆಯೂ ಇರಲಿಲ್ಲ. ಸೇವೆ ನಿಂತಿತು, ಅದರೊಡನೆ ವಿಳಾಸವೂ ಹೋಯಿತು.

ಒಂದು ಖಾತೆ ಹೋದರೆ ಏನೇನು ಹೋಗುತ್ತದೆ

ಇಪ್ಪತ್ತು ವರ್ಷಗಳ ಹಿಂದೆ ಇ–ಮೇಲ್ ಹೋದರೆ ಪತ್ರಗಳು ಹೋಗುತ್ತಿದ್ದವು, ಅಷ್ಟೇ. ಇಂದು ಅದು ವ್ಯಕ್ತಿಯ ಗುರುತಿನ ಭಾಗ. ಆದಾಯ ತೆರಿಗೆ ಜಾಲತಾಣ, ಬ್ಯಾಂಕು, ಡಿಮ್ಯಾಟ್ ಖಾತೆ, ರೈಲು ಟಿಕೆಟ್, ವಿಮೆ, ಮಕ್ಕಳ ಕಾಲೇಜು ಪ್ರವೇಶ, ವೀಸಾ ಅರ್ಜಿ ಹೀಗೆ ಎಲ್ಲ ಕಡೆಯೂ ನಾವು ನಾವೇ ಎಂದು ಸಾಬೀತು ಮಾಡುವುದಕ್ಕೆ ಇ–ಮೇಲ್ ಬೇಕು. ಯಾವುದೇ ಖಾತೆಯ ಪಾಸ್‌ವರ್ಡ್ ಮರೆತರೆ ಹೊಸದನ್ನು ಹೊಂದಿಸುವ ಕೊಂಡಿ ಬರುವುದು ಅಲ್ಲಿಗೇ. ಹಾಗಾಗಿ ಇ–ಮೇಲ್ ಖಾತೆಯನ್ನು ಹಿಡಿದವರ ಕೈಯಲ್ಲಿ ಉಳಿದೆಲ್ಲ ಖಾತೆಗಳೂ ಇರುತ್ತವೆ. 2013ರಲ್ಲಿ ನಡೆದ ಕನ್ನದಲ್ಲಿ ತನ್ನ ಎಲ್ಲ 300 ಕೋಟಿ ಖಾತೆಗಳ ವಿವರವೂ ಕಳವಾಗಿತ್ತು ಎಂದು ಯಾಹೂ ಒಪ್ಪಿಕೊಂಡದ್ದು ನಾಲ್ಕು ವರ್ಷಗಳ ನಂತರ, 2017ರಲ್ಲಿ. ಅಂಥ ಹೊತ್ತಿನಲ್ಲಿ ಬೇರೆ ಸೇವೆಗೆ ಹೋಗಬೇಕು ಎನಿಸುವುದು ಸಹಜ. ಆದರೆ ಹತ್ತಾರು ವರ್ಷಗಳಿಂದ ನೂರಾರು ಕಡೆ ಕೊಟ್ಟಿರುವ ವಿಳಾಸವನ್ನು ಬಿಡುವುದು ಕಷ್ಟ. ವಿಳಾಸ ಕಂಪನಿಯದ್ದಾಗಿರುವುದರ ನಿಜವಾದ ತೊಂದರೆ ಇದು. ಹೋಗಬೇಕೆಂದಾಗ ಹೋಗಲಾಗುವುದಿಲ್ಲ.

ಕಂಪನಿಯೇ ಬಳಕೆದಾರನಿಗೆ ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ‘ನ್ಯೂಯಾರ್ಕ್ ಟೈಮ್ಸ್’ 2022ರ ಆಗಸ್ಟ್‌ನಲ್ಲಿ ವರದಿ ಮಾಡಿದ ಸ್ಯಾನ್‌ಫ್ರಾನ್ಸಿಸ್ಕೊದ ಪ್ರಕರಣವೊಂದು ಕಣ್ಣು ತೆರೆಸುವಂಥದ್ದು. ತಂದೆಯೊಬ್ಬ ಪುಟ್ಟ ಮಗನಿಗೆ ಆಗಿದ್ದ ಸೋಂಕನ್ನು ವೈದ್ಯರಿಗೆ ತೋರಿಸಲು, ಆಸ್ಪತ್ರೆಯವರೇ ಕೇಳಿದ್ದರಿಂದ, ಫೋನಿನಲ್ಲಿ ಚಿತ್ರ ತೆಗೆದಿದ್ದ. ಆ ಚಿತ್ರವನ್ನು ಗೂಗಲ್‌ನ ಯಂತ್ರ ವ್ಯವಸ್ಥೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಕ್ಕೆ ಸಂಬಂಧಿಸಿದ್ದೆಂದು ಗುರುತಿಸಿತು. ಖಾತೆ ನಿಷ್ಕ್ರಿಯವಾಯಿತು. ಇ–ಮೇಲ್, ಸಂಪರ್ಕಗಳು, ಮಗನ ಮೊದಲ ವರ್ಷಗಳ ಚಿತ್ರಗಳು, ಗೂಗಲ್‌ನಿಂದಲೇ ಪಡೆದಿದ್ದ ಫೋನ್ ಸಂಖ್ಯೆ ಎಲ್ಲವೂ ಒಟ್ಟಿಗೆ ಹೋದವು. ಪೊಲೀಸರು ತನಿಖೆ ನಡೆಸಿ ಯಾವ ಅಪರಾಧವೂ ನಡೆದಿಲ್ಲವೆಂದು ಪ್ರಕರಣ ಮುಗಿಸಿದರು. ಆ ವಿಷಯ ತಿಳಿಸಲು ತನಿಖಾಧಿಕಾರಿ ಪ್ರಯತ್ನಿಸಿದಾಗ ಆತನ ಫೋನ್, ಇ–ಮೇಲ್ ಎರಡೂ ಕೆಲಸ ಮಾಡುತ್ತಿರಲಿಲ್ಲ. ಪೊಲೀಸರು ನಿರ್ದೋಷಿ ಎಂದ ಮೇಲೂ ಗೂಗಲ್ ಖಾತೆಯನ್ನು ಮರಳಿಸಲಿಲ್ಲ. ಮಕ್ಕಳ ರಕ್ಷಣೆಗೆಂದು ಮಾಡಿದ ತಪಾಸಣೆಯ ಉದ್ದೇಶವನ್ನು ಇಲ್ಲಿ ಪ್ರಶ್ನಿಸಬೇಕಾಗಿಲ್ಲ. ಕೋಟಿಗಟ್ಟಲೆ ಖಾತೆಗಳನ್ನು ಯಂತ್ರಗಳು ಕಾಯುವಾಗ ತಪ್ಪುಗಳು ಆಗುತ್ತವೆ. ತಪ್ಪಾದಾಗ ಮೇಲ್ಮನವಿ ಸಲ್ಲಿಸಲು ನೆಚ್ಚಬಹುದಾದ ಜಾಗ ಉಚಿತ ಖಾತೆಯವನಿಗೆ ಇರುವುದಿಲ್ಲ ಎಂಬುದು ಇಲ್ಲಿನ ಪಾಠ.

ಇದು ಉಚಿತ ಖಾತೆಯ ಮಾತಾಯಿತು, ಹಣ ಕೊಟ್ಟವರು ಸುರಕ್ಷಿತರಲ್ಲವೇ ಎಂದು ಕೇಳಬಹುದು. ಗುಜರಾತಿನ ವಾಡಿನಾರ್‌ನಲ್ಲಿ ತೈಲ ಸಂಸ್ಕರಣಾಗಾರ ನಡೆಸುವ ನಯಾರಾ ಎನರ್ಜಿ ಕಂಪನಿಯಲ್ಲಿ ರಷ್ಯಾದ ರೋಸ್‌ನೆಫ್ಟ್‌ಗೆ ದೊಡ್ಡ ಪಾಲು ಇದೆ. ಐರೋಪ್ಯ ಒಕ್ಕೂಟ 2025ರ ಜುಲೈನಲ್ಲಿ ಅದರ ಮೇಲೆ ನಿರ್ಬಂಧ ಹೇರಿದ ಬೆನ್ನಿಗೇ ಮೈಕ್ರೊಸಾಫ್ಟ್ ತನ್ನ ಸೇವೆಗಳನ್ನು ನಿಲ್ಲಿಸಿತು. ಪೂರ್ತಿ ಹಣ ತೆತ್ತು ಪಡೆದಿದ್ದ ಪರವಾನಗಿಗಳಿದ್ದರೂ ಕಂಪನಿಯ ಇ–ಮೇಲ್ ಸ್ತಬ್ಧವಾಯಿತು. ನಯಾರಾ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು. ಕೆಲವೇ ದಿನಗಳಲ್ಲಿ ಮೈಕ್ರೊಸಾಫ್ಟ್ ಸೇವೆ ಮರಳಿಸಿತು. ಅಷ್ಟರೊಳಗೆ ನಯಾರಾ ಕೈಕಟ್ಟಿ ಕೂರಲಿಲ್ಲ, ಇ–ಮೇಲ್‌ಗಾಗಿ ಭಾರತದ ರೀಡಿಫ್ ಸೇವೆಗೆ ತಿರುಗಿತು. ಸ್ವಂತ ಡೊಮೈನ್ ಇರುವ ಸಂಸ್ಥೆಗೆ ಸಂಕಟದ ಹೊತ್ತಿನಲ್ಲಿ ಹೀಗೆ ಬೇರೆ ಬಾಗಿಲು ತಟ್ಟಲು ಅವಕಾಶ ಇರುತ್ತದೆ. ಅದರೊಡನೆ ಇನ್ನೊಂದು ಎಚ್ಚರವನ್ನೂ ಈ ಪ್ರಕರಣ ಹೇಳುತ್ತದೆ. ಡೊಮೈನ್ ಉಳಿಸುವುದು ವಿಳಾಸವನ್ನು, ಹಳೆಯ ಸರ್ವರಿನಲ್ಲಿ ಕುಳಿತ ಪತ್ರಗಳನ್ನಲ್ಲ. ಅವುಗಳ ಪ್ರತಿ ಪ್ರತ್ಯೇಕವಾಗಿ ನಮ್ಮ ಬಳಿ ಇರಬೇಕು.

ಹೆಸರು ಬೇರೆ, ಸೇವೆ ಬೇರೆ

ಇದೆಲ್ಲ ಸಾಧ್ಯವಾಗುವುದು ಇ–ಮೇಲ್‌ನ ಮೂಲ ವಿನ್ಯಾಸದಿಂದಲೇ. ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ರೂಪಿಸಿದ ಡೊಮೈನ್ ಹೆಸರಿನ ವ್ಯವಸ್ಥೆ (ಡಿಎನ್‌ಎಸ್) ಇಂಟರ್ನೆಟ್ಟಿನ ಸಾರ್ವಜನಿಕ ದಾಖಲೆ ಪುಸ್ತಕ. ಒಂದು ಹೆಸರಿಗೆ ಬರುವ ಪತ್ರವನ್ನು ಯಾವ ಸರ್ವರಿಗೆ ಒಪ್ಪಿಸಬೇಕು ಎಂದು ಹೇಳುವ ‘ಎಂಎಕ್ಸ್’ ದಾಖಲೆ 1986ರಲ್ಲಿ ಈಗಿನ ರೂಪಕ್ಕೆ ಬಂತು. ಯಾರಾದರೂ ನಮಗೆ ಪತ್ರ ಕಳಿಸಿದಾಗ ಅವರ ಸರ್ವರ್ ಮೊದಲು ಈ ದಾಖಲೆಯನ್ನು ನೋಡುತ್ತದೆ, ಅಲ್ಲಿ ಯಾವ ಸರ್ವರ್ ಹೆಸರಿದೆಯೋ ಅಲ್ಲಿಗೆ ಪತ್ರವನ್ನು ತಲುಪಿಸುತ್ತದೆ. ಡೊಮೈನ್ ನಮ್ಮ ಹೆಸರಿನಲ್ಲಿದ್ದರೆ ಈ ದಾಖಲೆಯನ್ನು ಬದಲಿಸುವ ಅಧಿಕಾರವೂ ನಮ್ಮದೇ. ಇಂದು ಜೊಹೊ, ನಾಳೆ ಗೂಗಲ್, ಮುಂದೊಂದು ದಿನ ಸ್ವಿಟ್ಜರ್ಲೆಂಡಿನ ಪ್ರೋಟಾನ್ ಅಥವಾ ಆಸ್ಟ್ರೇಲಿಯಾದ ಫಾಸ್ಟ್‌ಮೇಲ್, ಹೀಗೆ ಒಂದೆರಡು ಸಾಲು ತಿದ್ದಿದರೆ ಕೆಲವು ಗಂಟೆಗಳೊಳಗೆ ಹೊಸ ಪತ್ರಗಳೆಲ್ಲ ಹೊಸ ಸೇವೆಗೆ ಬಂದು ಬೀಳತೊಡಗುತ್ತವೆ. ಬೀದಿ ಬದಲಾದರೂ ವಿಳಾಸ ಬದಲಾಗದ ಈ ಸೌಕರ್ಯವನ್ನು ಇಂಟರ್ನೆಟ್ಟು ಕಟ್ಟಿದವರು ನಾಲ್ಕು ದಶಕಗಳ ಹಿಂದೆಯೇ ಎಲ್ಲರಿಗೂ ಕೊಟ್ಟಿದ್ದಾರೆ. ನಾವು ಬಳಸಿಕೊಂಡಿಲ್ಲ.

‘ಡಾಟ್ ಇನ್’ ಹೆಸರುಗಳನ್ನು ನೋಡಿಕೊಳ್ಳುವುದು ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ (ನಿಕ್ಸಿ). 2005ರಲ್ಲಿ ನಿಯಮ ಸಡಿಲವಾದಂದಿನಿಂದ ಯಾರು ಬೇಕಾದರೂ ಈ ಹೆಸರುಗಳನ್ನು ಪಡೆಯಬಹುದು. ನಿಕ್ಸಿಯ ಮಾನ್ಯತೆ ಪಡೆದ ರಿಜಿಸ್ಟ್ರಾರ್ ಕಂಪನಿಗಳ ಮೂಲಕ ನೋಂದಣಿ ಮಾಡಿಸಬೇಕು. ಡಾಟ್ ಇನ್ ಇರಲಿ, ಡಾಟ್ ಕಾಮ್ ಇರಲಿ, ವರ್ಷಕ್ಕೆ ಸಾಮಾನ್ಯವಾಗಿ ಐನೂರರಿಂದ ಒಂದೂವರೆ ಸಾವಿರ ರೂಪಾಯಿಯ ನಡುವೆ ಆಗುತ್ತದೆ. ಮೊದಲ ವರ್ಷಕ್ಕೆ ತೀರಾ ಅಗ್ಗದ ದರ ತೋರಿಸಿ ನವೀಕರಣಕ್ಕೆ ಹೆಚ್ಚು ಕೇಳುವ ರೂಢಿ ಇರುವುದರಿಂದ, ಎರಡನೆಯ ವರ್ಷದ ದರ ನೋಡಿಯೇ ಆಯ್ಕೆ ಮಾಡಬೇಕು. ಇ–ಮೇಲ್ ಸೇವೆಗೆ ಬೇರೆ ಶುಲ್ಕ ಇದೆ. ಭಾರತೀಯ ಸೇವೆಗಳಲ್ಲಿ ಒಬ್ಬರಿಗೆ ತಿಂಗಳಿಗೆ ನೂರು ರೂಪಾಯಿಯೊಳಗಿನ ಯೋಜನೆಗಳು ಸಿಗುತ್ತವೆ. ಅದೂ ಬೇಡವೆನ್ನುವವರು ಡೊಮೈನ್‌ಗೆ ಬಂದ ಪತ್ರಗಳನ್ನು ಈಗಿರುವ ಜಿಮೇಲ್‌ಗೇ ರವಾನಿಸುವ ಫಾರ್ವರ್ಡಿಂಗ್ ಸೌಲಭ್ಯ ಬಳಸಬಹುದು. ಆಗ ಓದುವ ಜಾಗ ಹಳೆಯದೇ ಇದ್ದರೂ ಲೋಕಕ್ಕೆ ಕೊಟ್ಟ ವಿಳಾಸ ನಮ್ಮದೇ ಆಗಿರುತ್ತದೆ.

ಆಕ್ಷೇಪಗಳಿಗೆ ಉತ್ತರ

ಮೊದಲ ಆಕ್ಷೇಪ ಭದ್ರತೆಯದ್ದು. ಗೂಗಲ್, ಮೈಕ್ರೊಸಾಫ್ಟ್‌ನಂಥ ಕಂಪನಿಗಳು ಸ್ಪ್ಯಾಮ್ ಮತ್ತು ಕಳ್ಳರನ್ನು ತಡೆಯಲು ಇಟ್ಟಿರುವ ತಜ್ಞರ ಪಡೆಯನ್ನು ಒಬ್ಬ ವ್ಯಕ್ತಿ ಸರಿಗಟ್ಟಲಾರ ಎಂಬ ಮಾತು ನೂರಕ್ಕೆ ನೂರು ಸರಿ. ಆದರೆ ಸ್ವಂತ ಡೊಮೈನ್ ಇಟ್ಟುಕೊಳ್ಳುವುದಕ್ಕೂ ಸ್ವಂತ ಸರ್ವರ್ ನಡೆಸುವುದಕ್ಕೂ ಸಂಬಂಧವಿಲ್ಲ. ಮನೆಯ ಮೂಲೆಯಲ್ಲಿ ಸರ್ವರ್ ಇಟ್ಟು ಇ–ಮೇಲ್ ನಡೆಸುವುದು ಬಹುಪಾಲು ಜನರಿಗೆ ತಕ್ಕ ಕೆಲಸವಲ್ಲ, ಅದನ್ನು ಇಲ್ಲಿ ಶಿಫಾರಸು ಮಾಡುತ್ತಲೂ ಇಲ್ಲ. ಹೆಸರು ನಮ್ಮದು, ಸರ್ವರ್ ನುರಿತವರದ್ದು ಎಂಬ ಏರ್ಪಾಡೇ ಸಾಕು. ಗೂಗಲ್‌ನ ಭದ್ರತೆಯೇ ಬೇಕೆನ್ನುವವರು ತಮ್ಮ ಡೊಮೈನನ್ನು ಗೂಗಲ್‌ನಲ್ಲೇ ಇರಿಸಬಹುದು. ಕಳಿಸಿದ ಪತ್ರ ಅಸಲಿ ಎಂದು ಖಾತರಿಪಡಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದಾಖಲೆಗಳನ್ನು ಮಾತ್ರ ಆರಂಭದಲ್ಲೇ ಸರಿಯಾಗಿ ಹೊಂದಿಸಬೇಕು. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ದಾಖಲೆ ಇಲ್ಲದ ಡೊಮೈನಿನ ಪತ್ರ ಸ್ಪ್ಯಾಮ್‌ಗೆ ಬೀಳುವ ಇಲ್ಲವೇ ತಿರಸ್ಕಾರವಾಗುವ ಸಂಭವ ಹೆಚ್ಚು. ಒಳ್ಳೆಯ ಇ–ಮೇಲ್ ಸೇವೆಗಳು ಈ ಸಾಲುಗಳನ್ನು ಸಿದ್ಧಪಡಿಸಿಯೇ ಕೊಡುತ್ತವೆ. ಅವನ್ನು ರಿಜಿಸ್ಟ್ರಾರ್‌ನ ಪುಟದಲ್ಲಿ ನಕಲು ಮಾಡಿದರೆ ಸಾಕು.

ಎರಡನೆಯದು ಇನ್ನೂ ಗಟ್ಟಿಯಾದ ಆಕ್ಷೇಪ. ಡೊಮೈನ್ ಕೂಡ ಪೂರ್ತಿ ನಮ್ಮ ಆಸ್ತಿಯಲ್ಲ, ವರ್ಷ ವರ್ಷ ಶುಲ್ಕ ಕಟ್ಟಿ ಉಳಿಸಿಕೊಳ್ಳುವ ಹಕ್ಕು ಮಾತ್ರ. ನವೀಕರಣ ಮರೆತರೆ ಕೆಲವು ವಾರಗಳ ಕಾಲಾವಕಾಶ ಇರುತ್ತದೆ, ಆಮೇಲೆ ಹೆಸರು ಮೊದಲು ಕೇಳಿದವರ ಪಾಲಾಗುತ್ತದೆ. ಹಾಗೆ ಪಡೆದವರು ನಮ್ಮ ವಿಳಾಸಕ್ಕೆ ಬರುವ ಪತ್ರಗಳನ್ನು ಓದಬಹುದು, ನಮ್ಮ ಖಾತೆಗಳ ಪಾಸ್‌ವರ್ಡ್ ಬದಲಿಸಲೂಬಹುದು. ಇದು ಊಹೆಯ ಭಯವಲ್ಲ. 1999ರ ಕ್ರಿಸ್‌ಮಸ್ ವೇಳೆ ಸ್ವತಃ ಮೈಕ್ರೊಸಾಫ್ಟ್ ತನ್ನ ‘ಪಾಸ್‌ಪೋರ್ಟ್ ಡಾಟ್ ಕಾಮ್’ ಹೆಸರಿನ ಶುಲ್ಕ ಕಟ್ಟಲು ಮರೆತು, ಹಾಟ್‌ಮೇಲ್ ಬಳಕೆದಾರರು ಲಾಗಿನ್ ಆಗಲಾರದೆ ಪರದಾಡಿದ್ದರು. ಕಂಪನಿಗೆ ಸಂಬಂಧವೇ ಇಲ್ಲದ ಪ್ರೋಗ್ರಾಮರ್ ಒಬ್ಬರು 35 ಡಾಲರ್ ಕಟ್ಟಿ ಅದನ್ನು ಉಳಿಸಿಕೊಟ್ಟರು. ಅಪಾಯ ನಿಜ, ಆದರೆ ಅದರ ಸ್ವರೂಪವನ್ನು ಗಮನಿಸಬೇಕು. ಉಚಿತ ಖಾತೆ ಯಾವಾಗ, ಯಾಕೆ ಮುಚ್ಚೀತು ಎಂಬುದು ಬೇರೆಯವರ ತೀರ್ಮಾನ. ಡೊಮೈನ್ ಕಳೆಯದಂತೆ ನೋಡಿಕೊಳ್ಳುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಮುಂಗಡವಾಗಿ ಹತ್ತು ವರ್ಷದವರೆಗೆ ನೋಂದಣಿ ಮಾಡಿಸಬಹುದು. ತಾನಾಗಿ ನವೀಕರಣವಾಗುವಂತೆ ಹೊಂದಿಸಬಹುದು. ರಿಜಿಸ್ಟ್ರಾರ್ ಸರಿಯಿಲ್ಲವೆನಿಸಿದರೆ ವರ್ಗಾವಣೆ ಸಂಕೇತ ಪಡೆದು ಬೇರೊಬ್ಬರ ಬಳಿಗೆ ಹೆಸರನ್ನು ಒಯ್ಯುವ ಹಕ್ಕೂ ಇದೆ.

ಇದೇ ಆಕ್ಷೇಪದ ಇನ್ನೊಂದು ಮುಖವೆಂದರೆ ಹೆಸರಿನ ಬಾಲ. ಎಲ್ಲ ಬಾಲಗಳೂ ಒಂದೇ ರೀತಿ ನೆಚ್ಚತಕ್ಕವಲ್ಲ. ‘ಡಾಟ್ ಟಿಕೆ’, ‘ಡಾಟ್ ಜಿಎ’ ಮುಂತಾದ ಹೆಸರುಗಳನ್ನು ಉಚಿತವಾಗಿ ಹಂಚುತ್ತಿದ್ದ ಫ್ರೀನಾಮ್ ಕಂಪನಿ ಅಂಗಡಿ ಮುಚ್ಚಿದೆ. ತನ್ನ ‘ಡಾಟ್ ಜಿಎ’ಯನ್ನು ಗ್ಯಾಬೊನ್ ದೇಶ 2023ರಲ್ಲಿ ವಾಪಸು ಪಡೆಯಿತು. ‘ಡಾಟ್ ಇಯು’ ಹೆಸರು ಇಟ್ಟುಕೊಂಡಿದ್ದ ಬ್ರಿಟನ್ನಿನ ನಿವಾಸಿಗಳು, ದೇಶ ಐರೋಪ್ಯ ಒಕ್ಕೂಟದಿಂದ ಹೊರಬಂದದ್ದರಿಂದಲೇ ಅದಕ್ಕೆ ಅನರ್ಹರಾದರು. 2021ರ ಜನವರಿಯಲ್ಲಿ ಅಂಥ ಸುಮಾರು 80 ಸಾವಿರ ಹೆಸರುಗಳು ಸ್ಥಗಿತಗೊಂಡವು. ಉದ್ಯೋಗಕ್ಕಾಗಿ ದೇಶದಿಂದ ದೇಶಕ್ಕೆ ಹೋಗುವ ಕನ್ನಡಿಗರು ಇದನ್ನು ಮನಸ್ಸಿನಲ್ಲಿಡಬೇಕು. ಇಂತಲ್ಲೇ ವಾಸವಿರಬೇಕು ಎಂಬ ಷರತ್ತಿಲ್ಲದ ಡಾಟ್ ಇನ್, ಡಾಟ್ ಕಾಮ್, ಡಾಟ್ ಆರ್ಗ್ ಹೆಸರುಗಳು ಇಂಥ ಅಲೆದಾಟಕ್ಕೆ ಹೊಂದುತ್ತವೆ. ಡಾಟ್ ಆರ್ಗ್ ಅನ್ನು ನಿರ್ವಹಿಸುವ ಸಂಸ್ಥೆಯನ್ನೇ ನೂರು ಕೋಟಿ ಡಾಲರಿಗೂ ಹೆಚ್ಚಿನ ಬೆಲೆಗೆ ಖಾಸಗಿ ಹೂಡಿಕೆದಾರರಿಗೆ ಮಾರುವ ಪ್ರಯತ್ನ ನಡೆದಾಗ ಲೋಕದ ಸ್ವಯಂಸೇವಾ ಸಂಸ್ಥೆಗಳು ದನಿ ಎತ್ತಿದವು. ಡೊಮೈನ್ ವ್ಯವಸ್ಥೆಯ ಮೇಲುಸ್ತುವಾರಿ ನೋಡುವ ಐಕ್ಯಾನ್ ಸಂಸ್ಥೆ 2020ರ ಏಪ್ರಿಲ್ 30ರಂದು ಆ ಮಾರಾಟವನ್ನು ತಳ್ಳಿಹಾಕಿತು. ಡೊಮೈನ್ ಲೋಕದಲ್ಲೂ ಅನ್ಯಾಯ ನಡೆಯಬಹುದು. ಆದರೆ ಅಲ್ಲಿ ನಿಯಮಗಳಿವೆ, ವಿಚಾರಣೆಯಿದೆ, ಪ್ರತಿಭಟನೆಗೆ ಕಿವಿಗೊಡುವ ವೇದಿಕೆಯಿದೆ.

ಜಿಮೇಲ್ ಎಲ್ಲಿಗೂ ಹೋಗುವುದಿಲ್ಲ, ಸುಮ್ಮನೆ ಯಾಕೆ ಖರ್ಚು ಎಂಬುದು ಮೂರನೆಯ ಆಕ್ಷೇಪ. ಜಿಮೇಲ್ ನಾಳೆ ಮುಚ್ಚುತ್ತದೆ ಎಂದು ಯಾರೂ ಹೇಳುತ್ತಿಲ್ಲ. ಆದರೆ ಷರತ್ತುಗಳು ಬದಲಾಗುತ್ತಲೇ ಇವೆ. 2021ರ ಜೂನ್‌ನಿಂದ ಗೂಗಲ್ ಫೋಟೊಗಳನ್ನೂ 15 ಜಿಬಿ ಉಚಿತ ಮಿತಿಯೊಳಗೆ ಲೆಕ್ಕ ಹಿಡಿಯಲಾಯಿತು. ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸುವ ನೀತಿಯನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿತು. ಸ್ವಂತ ಡೊಮೈನಿಗೆ ಉಚಿತ ಇ–ಮೇಲ್ ಕೊಡುತ್ತಿದ್ದ ತನ್ನ ಹಳೆಯ ಯೋಜನೆಯನ್ನೂ ನಿಲ್ಲಿಸುವುದಾಗಿ 2022ರಲ್ಲಿ ಪ್ರಕಟಿಸಿ, ವಿರೋಧ ಬಂದ ಮೇಲೆ ವೈಯಕ್ತಿಕ ಬಳಕೆದಾರರ ಮಟ್ಟಿಗೆ ಹಿಂದೆ ಸರಿಯಿತು. ಆ ಗೊಂದಲದ ತಿಂಗಳುಗಳಲ್ಲಿ ಡೊಮೈನ್ ಇದ್ದವರಿಗೆ ಹಣ ಕೊಡುವ ಅಥವಾ ಬೇರೆಡೆಗೆ ಹೋಗುವ ಎರಡು ದಾರಿಗಳಿದ್ದವು. ಜಿಮೇಲ್ ಹೆಸರಿನ ವಿಳಾಸ ಇದ್ದವರಿಗೆ ಇಂಥದ್ದೇ ಪರಿಸ್ಥಿತಿ ಬಂದರೆ ಎರಡನೆಯ ದಾರಿ ಇರುವುದಿಲ್ಲ. ಹೊರಡುವ ಸ್ವಾತಂತ್ರ್ಯ ಇರುವ ಗ್ರಾಹಕನ ಮಾತಿಗೆ ಕಂಪನಿಗಳು ಬೆಲೆ ಕೊಡುತ್ತವೆ. ವರ್ಷಕ್ಕೊಮ್ಮೆ ಕಟ್ಟುವ ಸಾವಿರ ರೂಪಾಯಿ ಈ ಸ್ವಾತಂತ್ರ್ಯದ ಬೆಲೆ. ಎಷ್ಟೋ ಮನೆಗಳಲ್ಲಿ ಒಂದು ತಿಂಗಳ ಮೊಬೈಲ್ ರೀಚಾರ್ಜ್‌ಗೇ ಇಷ್ಟು ಆಗುತ್ತದೆ.

ಸಂಸ್ಥೆಗಳಿಗೆ ಇದು ಕರ್ತವ್ಯ

ವ್ಯಕ್ತಿಗಳ ಮಟ್ಟಿಗೆ ಸ್ವಂತ ಡೊಮೈನ್ ವಿವೇಕದ ಮಾತಾದರೆ, ಸಂಸ್ಥೆಗಳ ಮಟ್ಟಿಗೆ ಅದು ಹೊಣೆಗಾರಿಕೆ. ನಮ್ಮ ಸಾಹಿತ್ಯ ಪರಿಷತ್ತಿನ ಘಟಕಗಳು, ಸಹಕಾರ ಸಂಘಗಳು, ಶಾಲೆಗಳು, ಸಣ್ಣ ಪ್ರಕಾಶನಗಳು, ಹೊರನಾಡಿನ ಮತ್ತು ಹೊರದೇಶದ ಕನ್ನಡ ಸಂಘಗಳಲ್ಲಿ ಹಲವು ಉಚಿತ ವಿಳಾಸಗಳಲ್ಲೇ ವ್ಯವಹರಿಸುತ್ತವೆ. ಅಂಥ ಖಾತೆಯನ್ನು ತೆರೆಯುವವರು ಆಗಿನ ಕಾರ್ಯದರ್ಶಿ. ಒಟಿಪಿ ಬರುವುದು ಅವರ ಸ್ವಂತ ಫೋನಿಗೆ. ಎರಡು ಮೂರು ವರ್ಷಕ್ಕೊಮ್ಮೆ ಪದಾಧಿಕಾರಿಗಳು ಬದಲಾದಾಗ ಪಾಸ್‌ವರ್ಡ್ ಕೈಯಿಂದ ಕೈಗೆ ಹೋಗುತ್ತದೆ, ಫೋನ್ ಸಂಖ್ಯೆ ಹೋಗುವುದಿಲ್ಲ. ಹಿಂದಿನ ಕಾರ್ಯದರ್ಶಿ ಮುನಿಸಿಕೊಂಡರೆ, ಊರು ಬಿಟ್ಟರೆ ಅಥವಾ ತೀರಿಕೊಂಡರೆ ಸಂಘದ ಹತ್ತು ವರ್ಷದ ಪತ್ರ ವ್ಯವಹಾರವೆಲ್ಲ ಕೈತಪ್ಪುತ್ತದೆ. ಡೊಮೈನ್ ಸಂಘದ ಹೆಸರಿನಲ್ಲಿ ನೋಂದಣಿಯಾಗಿದ್ದರೆ ‘ಕಾರ್ಯದರ್ಶಿ’ ಎಂಬ ವಿಳಾಸ ಹುದ್ದೆಗೆ ಸೇರಿರುತ್ತದೆ. ವ್ಯಕ್ತಿ ಬದಲಾದಾಗ ಹಳಬರ ಪ್ರವೇಶ ತೆಗೆದು ಹೊಸಬರಿಗೆ ಕೊಟ್ಟರೆ ಕೆಲಸ ಮುಗಿಯಿತು. ಪತ್ರಗಳು ಸಂಸ್ಥೆಯಲ್ಲೇ ಉಳಿಯುತ್ತವೆ. ನಾಳೆ ಸಂಘದ ಚರಿತ್ರೆ ಬರೆಯುವವರಿಗೆ ಅವೇ ಆಕರ.

ನಂಬಿಕೆಯ ಪ್ರಶ್ನೆಯೂ ಇದೆ. ಯಾವುದೇ ಸಂಸ್ಥೆಯ ಹೆಸರಿಗೆ ಒಂದು ಅಕ್ಷರ ಸೇರಿಸಿ ಉಚಿತ ಇ–ಮೇಲ್ ತೆರೆದು ದೇಣಿಗೆ ಕೇಳುವುದು, ನಕಲಿ ನೇಮಕಾತಿ ಪತ್ರ ಕಳಿಸುವುದು ಯಾರಿಗಾದರೂ ಸಾಧ್ಯ. ಅಸಲಿ ಸಂಸ್ಥೆಯೂ ಉಚಿತ ವಿಳಾಸವನ್ನೇ ಬಳಸುತ್ತಿದ್ದರೆ ಎರಡರ ನಡುವೆ ವ್ಯತ್ಯಾಸ ಹೇಳುವುದು ಹೇಗೆ? ಭಾರತೀಯ ರಿಸರ್ವ್ ಬ್ಯಾಂಕ್ ಈ ಅಪಾಯವನ್ನು ಕಂಡುಕೊಂಡೇ ಬ್ಯಾಂಕುಗಳಿಗೆ ಮಾತ್ರ ಮೀಸಲಾದ ‘ಬ್ಯಾಂಕ್ ಡಾಟ್ ಇನ್’ ಹೆಸರುಗಳನ್ನು 2025ರ ಫೆಬ್ರುವರಿಯಲ್ಲಿ ಪ್ರಕಟಿಸಿ, ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಅದಕ್ಕೆ ಬದಲಾಗಬೇಕೆಂದು ಗಡುವು ಕೊಟ್ಟಿತು. ಹೆಸರಿನ ಬಾಲ ನೋಡಿಯೇ ಅಸಲಿ ನಕಲಿ ತಿಳಿಯಬೇಕು ಎಂಬುದು ಅದರ ಆಶಯ. ವಂಚಕರು ಹೋಲುವ ಡೊಮೈನ್ ಹೆಸರನ್ನೂ ಕೊಳ್ಳಬಹುದಲ್ಲ ಎಂಬ ಮಾತು ನಿಜ. ಆದರೆ ಅದಕ್ಕೆ ಹಣ ತೆರಬೇಕು, ನೋಂದಣಿಯ ಜಾಡು ಬಿಡಬೇಕು, ಹೆಸರಿನ ದುರ್ಬಳಕೆ ವಿರುದ್ಧ ದೂರು ಕೊಡಲು ನಿಗದಿತ ವಿಧಾನವೂ ಇದೆ.

ಕನ್ನಡಿಗರಿಗೆ ಇಲ್ಲಿ ಮತ್ತೊಂದು ಸಾಧ್ಯತೆ ತೆರೆದಿದೆ. ಕನ್ನಡ ಲಿಪಿಯ ‘ಡಾಟ್ ಭಾರತ’ ಈಗ ಅಧಿಕೃತವಾಗಿ ಇಂಟರ್ನೆಟ್ಟಿನ ಮೂಲ ಪಟ್ಟಿಯಲ್ಲಿ ಸೇರಿದೆ. ಇಂಗ್ಲಿಷೇತರ ಲಿಪಿಯಲ್ಲಿ ಇ–ಮೇಲ್ ವಿಳಾಸ ಬರೆಯುವ ತಾಂತ್ರಿಕ ಮಾನಕಗಳು 2012ರಲ್ಲಿ ಸಿದ್ಧವಾದವು. ಅಂಥ ವಿಳಾಸಗಳೊಂದಿಗೆ ಪತ್ರ ವ್ಯವಹಾರಕ್ಕೆ ಜಿಮೇಲ್ 2014ರಲ್ಲೇ ಬೆಂಬಲ ಕೊಟ್ಟಿತು. ಹಾಗಿದ್ದರೂ ಕನ್ನಡದಲ್ಲಿ ಬರೆದ ವಿಳಾಸವನ್ನು ‘ತಪ್ಪು’ ಎಂದು ತಿರಸ್ಕರಿಸುವ ಅರ್ಜಿ ನಮೂನೆಗಳು ಈಗಲೂ ಹೇರಳ. ಆದ್ದರಿಂದ ಸದ್ಯಕ್ಕೆ ಬ್ಯಾಂಕು, ತೆರಿಗೆಗಳಿಗೆ ರೋಮನ್ ಲಿಪಿಯ ಹೆಸರನ್ನು ಇಟ್ಟುಕೊಂಡು, ಕನ್ನಡ ಹೆಸರನ್ನು ಜೊತೆಗೆ ಪಡೆಯುವುದು ಒಳಿತು. ಕನ್ನಡ ಸಂಸ್ಥೆಗಳಾದರೂ ಅದನ್ನು ಬಳಕೆಗೆ ತಂದರೆ ನಮೂನೆಗಳನ್ನು ಸರಿಪಡಿಸುವ ಒತ್ತಡ ಹುಟ್ಟುತ್ತದೆ. ಕನ್ನಡದಲ್ಲಿ ವಿಳಾಸ ಇಟ್ಟುಕೊಳ್ಳಬೇಕೆಂದರೂ ಮೊದಲು ಬೇಕಾದದ್ದು ಸ್ವಂತ ಡೊಮೈನೇ.

ಅವಸರವಿಲ್ಲದೆ ಬದಲಾಗಿ

ಬದಲಾವಣೆಯನ್ನು ಒಂದೇ ದಿನದಲ್ಲಿ ಮುಗಿಸಬೇಕಿಲ್ಲ, ಮುಗಿಸಲೂಬಾರದು. ಮೊದಲು ಚಿಕ್ಕದಾದ, ಫೋನಿನಲ್ಲಿ ಹೇಳಿದರೂ ತಪ್ಪಿಲ್ಲದೆ ಬರೆದುಕೊಳ್ಳಬಹುದಾದ ಹೆಸರನ್ನು ನೋಂದಾಯಿಸಬೇಕು. ರಿಜಿಸ್ಟ್ರಾರ್ ಖಾತೆಗೆ ಎರಡು ಹಂತದ ಭದ್ರತೆ ಹಾಕಿ, ಅದರ ಸಂಪರ್ಕಕ್ಕೆ ಅದೇ ಡೊಮೈನಿನ ವಿಳಾಸವನ್ನು ಕೊಡದೆ ಬೇರೆ ಇ–ಮೇಲ್ ಕೊಡಬೇಕು. ಡೊಮೈನ್ ಕೆಟ್ಟಾಗ ಎಚ್ಚರಿಕೆಯ ಪತ್ರವೂ ಅದೇ ಡೊಮೈನಿಗೆ ಬಂದರೆ ಪ್ರಯೋಜನವಿಲ್ಲ. ಆಮೇಲೆ ಇ–ಮೇಲ್ ಸೇವೆ ಆರಿಸಿ, ಹಳೆಯ ಪತ್ರಗಳನ್ನು ಅಲ್ಲಿಗೆ ತರಿಸಿಕೊಂಡು, ಒಂದು ಪ್ರತಿಯನ್ನು ಮನೆಯ ಹಾರ್ಡ್‌ಡಿಸ್ಕ್‌ನಲ್ಲಿ ಇಡಬೇಕು. ಬ್ಯಾಂಕು, ಆದಾಯ ತೆರಿಗೆ, ಭವಿಷ್ಯನಿಧಿ, ವಿಮೆಗಳಲ್ಲಿ ವಿಳಾಸವನ್ನು ಮೊದಲು ಬದಲಿಸಬೇಕು. ಉಳಿದವನ್ನು ಪತ್ರ ಬಂದ ಹಾಗೆಲ್ಲ ಒಂದೊಂದಾಗಿ ಬದಲಿಸುತ್ತಾ ಹೋದರಾಯಿತು. ಹಳೆಯ ಖಾತೆಯನ್ನು ಮುಚ್ಚದೆ, ಅಲ್ಲಿಗೆ ಬರುವುದೆಲ್ಲ ಹೊಸದಕ್ಕೆ ಹರಿಯುವಂತೆ ಹೊಂದಿಸಿ ಕೆಲವು ವರ್ಷ ಜೀವಂತವಾಗಿ ಇಡಬೇಕು. ಕೊನೆಯದಾಗಿ, ಡೊಮೈನ್ ಎಲ್ಲಿ ನೋಂದಣಿಯಾಗಿದೆ, ನವೀಕರಣ ಯಾವಾಗ ಎಂಬುದನ್ನು ವಿಮೆ, ಠೇವಣಿಗಳ ವಿವರ ಬರೆದಿಡುವ ಕಡೆಯೇ ಬರೆದು ಮನೆಯವರಿಗೆ ತಿಳಿಸಬೇಕು. ನಮ್ಮ ನಂತರ ಯಾರೂ ಶುಲ್ಕ ಕಟ್ಟದಿದ್ದರೆ ಹೆಸರು ಪರರ ಪಾಲಾಗುತ್ತದೆ.

ಉಚಿತ ಇ–ಮೇಲ್ ಕೋಟ್ಯಂತರ ಜನರನ್ನು ಜಗತ್ತಿಗೆ ಜೋಡಿಸಿದೆ, ಅದರ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಇ–ಮೇಲ್ ಇಂದು ನಾಗರಿಕನ ಗುರುತೇ ಆಗಿರುವಾಗ, ಆ ಗುರುತನ್ನು ನಮ್ಮ ಮಾತು ಕೇಳಬೇಕಾದ ಹಂಗಿಲ್ಲದ ಕಂಪನಿಯ ಹೆಸರಿನಲ್ಲಿ ಇಡುವುದು ಸರಿಯಲ್ಲ. ಸಂಖ್ಯೆ ಗ್ರಾಹಕನದ್ದು ಎಂದು ಮೊಬೈಲ್ ವಿಷಯದಲ್ಲಿ ಕಾನೂನು ಹೇಳಿತು. ಇ–ಮೇಲ್ ವಿಷಯದಲ್ಲಿ ಆ ತೀರ್ಮಾನವನ್ನು ನಾವೇ ಮಾಡಿಕೊಳ್ಳಬೇಕು. ಸಂಘ ಸಂಸ್ಥೆಗಳನ್ನು ನಡೆಸುವವರು ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲೇ ಇದನ್ನು ಚರ್ಚೆಗೆ ತರಲಿ, ಪದಾಧಿಕಾರಿಗಳು ಬದಲಾಗುವ ಮೊದಲೇ ಡೊಮೈನ್ ಸಂಸ್ಥೆಯ ಹೆಸರಿಗೆ ನೋಂದಣಿಯಾಗಲಿ. ಸ್ವಂತ ದುಡಿಮೆಯವರು, ಬರಹಗಾರರು, ವಕೀಲರು, ವೈದ್ಯರು, ಸಣ್ಣ ವ್ಯಾಪಾರಿಗಳು ಈ ವರ್ಷವೇ ತಮ್ಮ ಹೆಸರು ಲಭ್ಯವಿದೆಯೇ ಎಂದು ನೋಡಿ ಪಡೆದುಕೊಳ್ಳಲಿ. ಒಳ್ಳೆಯ ಹೆಸರುಗಳು ಮೊದಲು ಕೇಳಿದವರಿಗೇ ಸಿಗುತ್ತವೆ.